ಕಾವಲಿನ ಹುಲ್ಲಿನಲ್ಲಿ ಬಡವನ ಹಕ್ಕು

ಭೂಮಿ ಆಕಾಶಗಳ ನೈಜ ಒಡೆತನ ಅಲ್ಲಾಹನದು. ಮನುಷ್ಯನ ಕೈಯಲ್ಲಿರುವುದು ಕೇವಲ ಅಮಾನತ್. ಸ್ವಂತ ಜಮೀನಿನ ಬೇಲಿಯನ್ನು ಜೋಪಾನವಾಗಿ ಕಾಯುವ ನಮ್ಮ ಸಮಾಜವು ಊರಿಗೆಲ್ಲ ಸೇರಿದ ಜಮೀನನ್ನು ಮಾತ್ರ ಯಾರದೂ ಅಲ್ಲವೆಂಬಂತೆ ಕಾಣುತ್ತದೆ. 'ಸರ್ಕಾರಿ ಜಾಗ ತಾನೇ' ಎಂಬ ಮಾತಿನ ಮರೆಯಲ್ಲಿ ಎಷ್ಟೋ ಗೋಮಾಳಗಳೂ ಕೆರೆಯಂಗಳಗಳೂ ಕರಗಿಹೋಗಿವೆ.

ಕಡೂರು, ತರೀಕೆರೆ, ಅಜ್ಜಂಪುರ ತಾಲೂಕುಗಳ ಜನರಿಗೆ ಇದು ದೂರದ ವಿಷಯವಲ್ಲ. ಇದು ಅಮೃತಮಹಲ್ ಕಾವಲುಗಳ ಸೀಮೆ. ಮೈಸೂರು ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎನಿಸಿದ್ದ ಅರಮನೆಯ ದನಗಳ ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟವರು ಟಿಪ್ಪು ಸುಲ್ತಾನರು. ಆ ಹಿಂಡುಗಳಿಗೆಂದು ಮೀಸಲಾದ ಹುಲ್ಲುಗಾವಲುಗಳೇ ಕಾವಲುಗಳು. ಬೇಸಿಗೆ, ಮಳೆಗಾಲ, ಚಳಿಗಾಲಗಳಿಗೆ ಬೇರೆ ಬೇರೆ ಕಾವಲುಗಳಿದ್ದವು. ಒಂದೆಡೆ ದನ ಮೇಯುವಾಗ ಮತ್ತೊಂದೆಡೆ ಹುಲ್ಲು ಚಿಗುರುತ್ತಿತ್ತು. ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರ ಇಂದಿಗೂ ಆ ಪರಂಪರೆಯನ್ನು ಉಳಿಸಿಕೊಂಡಿದೆ. ಕಡೂರು ತಾಲೂಕಿನ ಬಾಸೂರು ಕಾವಲು 2011ರಲ್ಲಿ ಕೃಷ್ಣಮೃಗಗಳ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಆದರೆ ಒಂದು ಕಾಲದಲ್ಲಿ ಲಕ್ಷಗಟ್ಟಲೆ ಎಕರೆಯಿದ್ದ ಕಾವಲುಗಳಲ್ಲಿ ಈಗ ಉಳಿದಿರುವುದು ಅಲ್ಪ ಭಾಗ ಮಾತ್ರ. ಉಳಿದದ್ದು ಮಂಜೂರಾತಿ, ಯೋಜನೆ ಹಾಗೂ ಒತ್ತುವರಿಗಳ ಪಾಲಾಯಿತು.

ಕಾನೂನಿನ ಕೊರತೆ ಇಲ್ಲಿಲ್ಲ. ಕರ್ನಾಟಕ ಭೂಕಂದಾಯ ನಿಯಮಗಳು, 1966 ಪ್ರತಿ 100 ಜಾನುವಾರುಗಳಿಗೆ 12 ಹೆಕ್ಟೇರು ಗೋಮಾಳವನ್ನು ಕಾದಿರಿಸಬೇಕೆನ್ನುತ್ತವೆ. ಇನ್ನೊಂದೆಡೆ, ಸಾಗುವಳಿ ಮಾಡಿದವರಿಗೆ ಸಕ್ರಮದ ದಾರಿಯಾಗಿ ಬಗರ್ ಹುಕುಂ ನಮೂನೆ 50, 53, 57ಗಳು ಒಂದರ ಹಿಂದೊಂದು ಬಂದವು. ಭೂಹೀನನಿಗೆ ಅನ್ನ ಕೊಡುವ ಈ ದಾರಿಯನ್ನು ನಾವು ವಿರೋಧಿಸುವುದಿಲ್ಲ. ಆದರೆ ಅದೇ ಬಾಗಿಲಿನಿಂದ ಹತ್ತಾರು ಎಕರೆಯ ಧನಿಕನೂ ಒಳನುಗ್ಗಿದರೆ ಗೋಮಾಳವೂ ಉಳಿಯದು, ಬಡವನಿಗೂ ದಕ್ಕದು.

ಇಸ್ಲಾಮಿನ ಇತಿಹಾಸದಲ್ಲಿ ಇದಕ್ಕೊಂದು ಸ್ಪಷ್ಟ ಮಾದರಿಯಿದೆ. ನೀರು, ಹುಲ್ಲು ಮತ್ತು ಬೆಂಕಿಯಲ್ಲಿ ಜನರೆಲ್ಲರೂ ಪಾಲುದಾರರೆಂದು ಪ್ರವಾದಿ(ಸ) ಕಲಿಸಿದರು. ಅಜ್ಞಾನ ಕಾಲದಲ್ಲಿ ಬಲಿಷ್ಠರು ಹುಲ್ಲುಗಾವಲನ್ನು ತಮಗಷ್ಟೇ ಕಾಯ್ದಿಟ್ಟುಕೊಳ್ಳುತ್ತಿದ್ದ ಪದ್ಧತಿಯನ್ನು ಅವರು ರದ್ದುಗೊಳಿಸಿದರು. 'ಹಿಮಾ' ಎಂಬ ಕಾವಲು ಸಾರ್ವಜನಿಕ ಹಿತಕ್ಕೆ ಮಾತ್ರ ಮೀಸಲಾಯಿತು. ಮುಂದೆ ಖಲೀಫ ಉಮರ್(ರ) ಹಿಮಾದ ಮೇಲ್ವಿಚಾರಕ ಹುನೈ ಅವರಿಗೆ ಕೊಟ್ಟ ಆದೇಶ ಸಹೀಹ್ ಬುಖಾರಿಯಲ್ಲಿದೆ. ಕೆಲವೇ ಒಂಟೆ, ಕುರಿಗಳಿರುವವನನ್ನು ಒಳಗೆ ಬಿಡಬೇಕು. ಅಬ್ದುರ್ರಹ್ಮಾನ್ ಬಿನ್ ಔಫ್(ರ), ಉಸ್ಮಾನ್ ಬಿನ್ ಅಫ್ಫಾನ್(ರ)ರ ಹಿಂಡುಗಳನ್ನು ತಡೆಯಬೇಕು ಎಂಬುದು ಅದರ ಸಾರ. ಜಾನುವಾರು ಸತ್ತರೂ ಸಿರಿವಂತರಿಗೆ ತೋಟ, ಹೊಲಗಳಿವೆ; ಬಡವನ ಹಿಂಡು ಸತ್ತರೆ ಅವನು ಮಕ್ಕಳನ್ನು ಕರೆದುಕೊಂಡು ಖಲೀಫರ ಬಾಗಿಲಿಗೇ ಬರಬೇಕಾಗುತ್ತದೆ. ತಡೆಯಲ್ಪಟ್ಟವರಿಬ್ಬರೂ ಶ್ರೇಷ್ಠ ಸಹಾಬಿಗಳು ಎಂಬುದನ್ನು ಗಮನಿಸಬೇಕು. ಅವರ ಗೌರವಕ್ಕೆ ಕುಂದಿರಲಿಲ್ಲ. ಆದರೆ ಹುಲ್ಲಿನ ಮೇಲಿನ ಮೊದಲ ಹಕ್ಕು ಬಡವನದಾಗಿತ್ತು.

ಸುಪ್ರೀಂ ಕೋರ್ಟ್ ಜಗ್ಪಾಲ್ ಸಿಂಗ್ ಪ್ರಕರಣದಲ್ಲಿ 2011ರ ಜನವರಿ 28ರಂದು ನೀಡಿದ ತೀರ್ಪೂ ಇದಕ್ಕೆ ಸಮೀಪವಾಗಿದೆ. ಗ್ರಾಮದ ಸಾಮೂಹಿಕ ಜಮೀನಿನ ಅಕ್ರಮ ಒತ್ತುವರಿಯನ್ನು ತೆರವುಗೊಳಿಸಬೇಕು. ಭೂಹೀನ ಕೂಲಿಕಾರರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರವೇ ಗುತ್ತಿಗೆ ಕೊಟ್ಟಂತಹ ಅಪವಾದಗಳಲ್ಲಿ ಮಾತ್ರ ಸಕ್ರಮ ಸಲ್ಲುತ್ತದೆ ಎಂದು ಅದು ಹೇಳಿತು.

ಆದುದರಿಂದ ಕಾವಲು ಮತ್ತು ಗೋಮಾಳಗಳ ಗಡಿ ಅಳೆದು ಕಲ್ಲು ನೆಡಬೇಕು. ಸಕ್ರಮ ಕೋರಿದವರ ಪಟ್ಟಿಯನ್ನು, ಅವರಿಗೆ ಈಗಾಗಲೇ ಇರುವ ಜಮೀನಿನ ವಿವರದೊಂದಿಗೆ, ಗ್ರಾಮಸಭೆಯಲ್ಲಿ ಓದಿ ಹೇಳಬೇಕು. ಕುರಿಗಾಹಿಯ ಮಾತನ್ನೂ ಅಲ್ಲಿ ಕೇಳಬೇಕು. ವಕ್ಫ್ ಆಸ್ತಿಗಳ ರಕ್ಷಣೆಗಾಗಿ ನ್ಯಾಯ ಕೇಳುತ್ತಿರುವ ನಮಗೆ ಇದರಲ್ಲಿ ಹೆಚ್ಚಿನ ಹೊಣೆಯಿದೆ. ಖಬರಸ್ತಾನದ ಒಂದು ಗುಂಟೆ ಕಳೆದಾಗ ನೋಯುವ ಮನಸ್ಸು ಊರ ಗೋಮಾಳದ ಒಂದು ಗುಂಟೆ ಕಳೆದಾಗಲೂ ನೋಯಬೇಕು, ಒತ್ತಿದವನು ನಮ್ಮವನೇ ಆಗಿದ್ದರೂ. ಜುಮಾ ಖುತ್ಬಾಗಳಲ್ಲಿ ಈ ಮಾತು ಕೇಳಿಬರಲಿ.

ಅನ್ಯಾಯವಾಗಿ ಗೇಣು ಭೂಮಿಯನ್ನು ಕಬಳಿಸಿದವನ ಕೊರಳಿಗೆ ಪುನರುತ್ಥಾನ ದಿನದಂದು ಏಳು ಭೂಮಿಗಳ ಭಾರ ಬೀಳುವುದೆಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ. ಪಹಣಿಯಲ್ಲಿ ಹೆಸರು ಬದಲಾದ ಮಾತ್ರಕ್ಕೆ ಆ ಭಾರ ಇಳಿಯದು.