ಕುಣಿಯುವವರ ನೆಲ ಯಾರದು?

ಆದಿವಾಸಿಗಳಿಗೊಂದು ಸುಂದರ ಭವನ ಕಟ್ಟಿಕೊಟ್ಟು, ವರ್ಷಕ್ಕೊಮ್ಮೆ ಅವರನ್ನು ಅಲ್ಲಿ ಕುಣಿಸಿದರೆ ಚರಿತ್ರೆಯ ಋಣ ತೀರಿತೆಂಬ ನಂಬಿಕೆ ನಮ್ಮ ವಿದ್ಯಾವಂತರಲ್ಲಿ ಬೇರೂರಿದೆ. ಆಸ್ಟ್ರೇಲಿಯಾ ಪ್ರವಾಸ ಮಾಡಿಬಂದ ಮಿತ್ರರು ಉಲುರು ಬಂಡೆಯ ಬಳಿಯ ಸಂಸ್ಕೃತಿ ಕೇಂದ್ರವನ್ನು ಕೊಂಡಾಡುವ ಧಾಟಿಯೂ ಇದೇ: "ಆ ದೇಶ ತನ್ನ ಮೂಲನಿವಾಸಿಗಳನ್ನು ಎಷ್ಟು ಚೆನ್ನಾಗಿ ಇಟ್ಟುಕೊಂಡಿದೆ ನೋಡಿ!" ಈ 'ಇಟ್ಟುಕೊಳ್ಳುವ' ಭಾಷೆಯ ಬಗೆಗೇ ನನ್ನ ತಕರಾರು.

ಆ ಕೇಂದ್ರದ ಪ್ರಾರಂಭೋತ್ಸವವೇ ಒಂದು ಹಕ್ಕುಪತ್ರದ ವಾರ್ಷಿಕೋತ್ಸವವಾಗಿತ್ತೆಂಬುದನ್ನು ಈ ಮಿತ್ರರು ಹೇಳುವುದಿಲ್ಲ. 1985ರ ಅಕ್ಟೋಬರ್ 26ರಂದು ಗವರ್ನರ್ ಜನರಲ್ ಸರ್ ನಿನಿಯನ್ ಸ್ಟೀಫನ್ ಉಲುರುವಿನ ಹಕ್ಕುಪತ್ರವನ್ನು ಅನಂಗು ಜನರ ಕೈಗಿತ್ತರು. ಅದರ ಹತ್ತನೆಯ ವರ್ಷಕ್ಕೆ, 1995ರಲ್ಲಿ, ಕುನಿಯ ಮತ್ತು ಲಿರು ಎಂಬ ಪುರಾಣಸರ್ಪಗಳ ಬಳುಕನ್ನು ಅನುಸರಿಸಿ ಮಣ್ಣಿನ ಇಟ್ಟಿಗೆಯಲ್ಲಿ ಕಟ್ಟಿದ ಈ ಕೇಂದ್ರ ತೆರೆಯಿತು.

ಕಡತಗಳ ನಡುವೆಯೇ ಆಯುಷ್ಯದ ಬಹುಪಾಲನ್ನು ಕಳೆದ ನನಗೆ ಹಕ್ಕುಪತ್ರಕ್ಕಿಂತ ಅದರ ಬೆನ್ನಿಗಿರುವ ಗುತ್ತಿಗೆ ಕರಾರಿನ ಮೇಲೆಯೇ ಮೊದಲು ಕಣ್ಣು ಬೀಳುತ್ತದೆ. ನೆಲವನ್ನು ಪಡೆದ ಕೈಯಿಂದಲೇ ಅನಂಗು ಜನ ಅದನ್ನು 99 ವರ್ಷಗಳ ಗುತ್ತಿಗೆಗೆ ರಾಷ್ಟ್ರೀಯ ಉದ್ಯಾನಗಳ ಇಲಾಖೆಗೆ ಬರೆದುಕೊಡಬೇಕಾಯಿತು. 1983ರಲ್ಲಿ ಪ್ರಧಾನಿ ಬಾಬ್ ಹಾಕ್ ಕೊಟ್ಟ ವಚನದಲ್ಲಿ ಬಂಡೆ ಹತ್ತುವುದರ ನಿಷೇಧವೂ ಸೇರಿತ್ತು. ಗುತ್ತಿಗೆ 50 ವರ್ಷಕ್ಕೆಂದು ಮಾತಾಗಿತ್ತು. ಹಕ್ಕುಪತ್ರ ಕೈಸೇರುವ ಹೊತ್ತಿಗೆ ಎರಡೂ ಬದಲಾಗಿದ್ದವು. ಇಂಥ ಕರಾರುಗಳ ಒಕ್ಕಣೆ ಯಾವ ದೇಶದಲ್ಲಾದರೂ ಒಂದೇ: ಔದಾರ್ಯ ಮೊದಲ ಪುಟದಲ್ಲಿ, ಷರತ್ತುಗಳು ಹಿಂದಿನ ಪುಟಗಳಲ್ಲಿ.

ಪರಿಣಾಮವೇನಾಯಿತು? ತಮ್ಮ ಪವಿತ್ರ ಶಿಲೆಯ ಮೇಲೆ ಪ್ರವಾಸಿಗರು ಸರಪಳಿ ಹಿಡಿದು ಹತ್ತುವುದನ್ನು ನೆಲದ ಒಡೆಯರು ಮತ್ತೆ 34 ವರ್ಷ ನೋಡುತ್ತ ನಿಲ್ಲಬೇಕಾಯಿತು. 'ದಯವಿಟ್ಟು ಹತ್ತಬೇಡಿ' ಎಂದು ಫಲಕದಲ್ಲಿ ಬೇಡಿಕೊಳ್ಳಬಹುದಿತ್ತು, ಅಷ್ಟೇ. ಕಡೆಗೆ 2017ರ ನವೆಂಬರ್ 1ರಂದು (ನಾವೆಲ್ಲ ರಾಜ್ಯೋತ್ಸವದ ಸಡಗರದಲ್ಲಿದ್ದ ದಿನ) ಅನಂಗು ಬಹುಮತವುಳ್ಳ ಆಡಳಿತ ಮಂಡಳಿ ನಿಷೇಧದ ನಿರ್ಣಯ ಕೈಗೊಂಡಿತು. ಅದು 2019ರ ಅಕ್ಟೋಬರ್ 26ರಂದು ಜಾರಿಗೆ ಬಂದಿತು. ಅದಕ್ಕೆ ಮುಂಚಿನ ದಿನ ಹತ್ತಲು ನೂರಾರು ಮಂದಿ ಸಾಲುಗಟ್ಟಿ ನಿಂತಿದ್ದರು! ನಿಷೇಧ ಬಂದ ಮೇಲೆ ಅನಂಗು ಜನ ಬಂಡೆಯ ನೆರಳಿನಲ್ಲಿ ಹಾಡಿ ಕುಣಿದರು. 'ಇಲ್ಲ' ಎನ್ನುವ ಅಧಿಕಾರ ದಕ್ಕಿದವರ ಕುಣಿತವದು. ಅದನ್ನು ಪ್ರವಾಸೋದ್ಯಮದ ಕುಣಿತದ ಸಾಲಿಗೆ ಸೇರಿಸುವುದು ಅರಿವುಗೇಡಿತನ.

"ಬಂಡೆ ಇಡೀ ದೇಶದ್ದಲ್ಲವೇ?" ಎಂದು ಕೇಳುವವರಿದ್ದಾರೆ. ದೇವಾಲಯ ಊರಿನವರೆಲ್ಲರದೆಂದು ಅದರ ಶಿಖರಕ್ಕೆ ಯಾರೂ ಏಣಿ ಹಾಕುವುದಿಲ್ಲ. ಸಂಸ್ಕೃತಿ ಕೇಂದ್ರದೊಳಗೆ ಕ್ಯಾಮೆರಾ ಬಳಸಬಾರದೆಂಬ ನಿಯಮವನ್ನು ಮಿತ್ರರೊಬ್ಬರು ನನ್ನೆದುರು ಬೇಸರದಿಂದ ಹೇಳಿಕೊಂಡರು. ನನಗಾದರೋ ಆ ಕಟ್ಟಡದಲ್ಲಿ ಮೆಚ್ಚತಕ್ಕ ಮೊದಲ ವಿಷಯ ಅದೇ ಎನಿಸಿತು. ಬಂಡೆಯ ಚೂರುಗಳನ್ನು ಕದ್ದೊಯ್ದ ಪ್ರವಾಸಿಗರು ಅವನ್ನು ಹಿಂದಿರುಗಿಸುತ್ತ ಬರೆದ ಕ್ಷಮಾಪಣೆಯ ಪತ್ರಗಳೂ ಅಲ್ಲಿ ಓದಲು ಸಿಗುತ್ತವೆ.

ಆಸ್ಟ್ರೇಲಿಯಾವನ್ನು ಮಾದರಿ ಎನ್ನುವವರು 2023ರ ಅಕ್ಟೋಬರ್ 14ನ್ನೂ ನೆನೆಯಬೇಕು. ಮೂಲನಿವಾಸಿಗಳ ಮಾತು ಸಂಸತ್ತಿಗೆ ಮುಟ್ಟಲು ಸಂವಿಧಾನದಲ್ಲೊಂದು ಸಲಹಾ ಮಂಡಳಿ ಬೇಕೆಂಬ ಕೋರಿಕೆ ಉಲುರುವಿನ ನೆಲದಿಂದಲೇ 2017ರಲ್ಲಿ ಹೊರಟಿತ್ತು. ಜನಮತಗಣನೆಯಲ್ಲಿ ಮತದಾರರ ಸುಮಾರು ಶೇಕಡ 60 ಭಾಗ ಅದನ್ನು ತಿರಸ್ಕರಿಸಿತು. ಕುಣಿತ ಬೇಕು, ಮಾತು ಬೇಡ.

ನಾವೇನು ಕಡಿಮೆಯೇ? ಗಣರಾಜ್ಯೋತ್ಸವದ ಸ್ತಬ್ಧಚಿತ್ರಗಳಲ್ಲಿ ಆದಿವಾಸಿ ನರ್ತಕರಿಗೆ ಚಪ್ಪಾಳೆ ತಟ್ಟುವ ನಮಗೆ, ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ಅಭಯಾರಣ್ಯವಾದ ಬಳಿಕ ಪೋಡುಗಳನ್ನು ತೊರೆಯಬೇಕಾದ ಸೋಲಿಗರು ಅರಣ್ಯದ ಮೇಲಣ ಸಾಮುದಾಯಿಕ ಹಕ್ಕನ್ನು ಪಡೆಯಲು 2011ರವರೆಗೆ ಕಾಯಬೇಕಾಯಿತೆಂಬುದು ತಿಳಿದಿದೆಯೇ? ಸಂಘದ ಕಾರ್ಯಕಾರಿ ಸಮಿತಿಗೆ ನನ್ನದೊಂದು ಸೂಚನೆ: ಮುಂದಿನ ರಾಜ್ಯೋತ್ಸವಕ್ಕೆ ಸೋಲಿಗರ ಗೊರುಕನ ತಂಡವನ್ನು ಕರೆಸುವುದಾದರೆ, ಕುಣಿತಕ್ಕೆ ಮೊದಲು ಅವರಿಗೆ ಅರ್ಧ ಗಂಟೆ ಧ್ವನಿವರ್ಧಕವನ್ನು ಬಿಟ್ಟುಕೊಡಿ. ಸಮಯ ಸಾಲದಿದ್ದರೆ ಮುಖ್ಯ ಅತಿಥಿಗಳ ಭಾಷಣವನ್ನು ಕೈಬಿಡಬಹುದು.