ಮರ ಕೊಯ್ಯುವ ಯಂತ್ರ ಮತ್ತು ನಮ್ಮ ದೊಡ್ಡಸ್ತಿಕೆ

ಕಳೆದ ವಾರ ಬಂಧುಗಳ ಮನೆಯ ಉಪನಯನಕ್ಕೆ ಹೋಗಿದ್ದೆ. ಊಟ ಮುಗಿದು ಜಗಲಿಯಲ್ಲಿ ಕವಳದ ತಟ್ಟೆಯ ಸುತ್ತ ಕುಳಿತಿದ್ದಾಗ ನೆಂಟರೊಬ್ಬರು ತಾವು ಹೊಸದಾಗಿ ತರಿಸಿದ ಮರ ಕೊಯ್ಯುವ ಯಂತ್ರದ ವರ್ಣನೆ ಆರಂಭಿಸಿದರು. “ಐವತ್ತೆಂಟು ಸಿ.ಸಿ., ಇಪ್ಪತ್ತೆರಡು ಇಂಚಿನ ಬಾರ್ ಭಾವ! ಪೇಟೆಯ ಅಂಗಡಿಯವ ಹೇಳಿದ ದರದ ಅರ್ಧಕ್ಕೇ ಮನೆ ಬಾಗಿಲಿಗೆ ಬಂತು” ಎಂದರು. ಸುತ್ತ ಇದ್ದವರೆಲ್ಲ ತಲೆದೂಗಿದರು. ಒಬ್ಬರು ತಮಗೂ ಒಂದು ತರಿಸಿಕೊಡುವಂತೆ ಕೇಳಿಕೊಂಡರು. ಮಂಗಳಕಾರ್ಯದ ಮನೆಯಲ್ಲಿ ವಾದಕ್ಕಿಳಿಯಬಾರದೆಂದು ನಾನು ಸುಮ್ಮನಿದ್ದೆ. ಅಂದು ನುಂಗಿಕೊಂಡ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ಆ ನೆಂಟರು ಇದನ್ನು ಓದುತ್ತಾರೆಂದು ನನಗೆ ಗೊತ್ತು. ಓದಿ ಮುನಿಸಿಕೊಂಡರೂ ಚಿಂತೆಯಿಲ್ಲ.

ನನ್ನ ವಾದ ಇಷ್ಟೇ. ನಮ್ಮ ಮಲೆನಾಡಿನ ಅಡಿಕೆ ತೋಟದ ಮನೆಗಳಲ್ಲಿ ಯಂತ್ರದ ಗರಗಸವನ್ನು ಆರಿಸುವ ಕ್ರಮವೇ ತಪ್ಪು. ನಾವು ಗಾತ್ರ ನೋಡಿ, ಬೆಲೆ ನೋಡಿ ಕೊಳ್ಳುತ್ತೇವೆ. ಅದನ್ನು ಹಿಡಿಯುವ ಕೈಯನ್ನು ನೋಡುವುದಿಲ್ಲ.

ಹೀಗೆ ಹೇಳುವ ಅಧಿಕಾರ ನನಗೆ ಪಾಂಡಿತ್ಯದಿಂದ ಬಂದುದಲ್ಲ, ತಪ್ಪಿನಿಂದ ಬಂದುದು. ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದು, “ಸಾರ್, ಎರಡು ಮಿಷನ್ ನೋಡಿದ್ದೇನೆ. ಒಂದು ಚಿಕ್ಕದು, ದುಬಾರಿ. ಇನ್ನೊಂದು ದೊಡ್ಡದು, ಅಗ್ಗ. ಯಾವುದು ತಗೊಳ್ಳಲಿ?” ಎಂದು ಕೇಳಿದ. ವಿಜ್ಞಾನದ ಮೇಷ್ಟ್ರಿಗೆ ಯಂತ್ರಗಳೆಲ್ಲ ಗೊತ್ತಿರುತ್ತವೆಂಬುದು ಅವನ ನಂಬಿಕೆ. ನಾನೂ ಗೊತ್ತಿರುವವನಂತೆ, “ದೊಡ್ಡದು ಎಲ್ಲ ಕೆಲಸಕ್ಕೂ ಆಗುತ್ತದಲ್ಲವೇ, ನಾಲ್ಕು ದುಡ್ಡೂ ಉಳಿಯುತ್ತದೆ” ಎಂದುಬಿಟ್ಟೆ. ಅವನು ದೊಡ್ಡದನ್ನೇ ಕೊಂಡ. ಮರುವರ್ಷ ಅದರ ಮುಂಗೈ ಕಾವಲು, ಅಂದರೆ ಚೈನ್ ಬ್ರೇಕನ್ನು ಒತ್ತುವ ಆ ಪ್ಲಾಸ್ಟಿಕ್ಕಿನ ತಡೆ, ಮುರಿಯಿತು. ಬಿಡಿಭಾಗ ಎಲ್ಲಿಯೂ ಸಿಗಲಿಲ್ಲ. ಅದನ್ನು ತೆಗೆದಿಟ್ಟು ಕೆಲಸ ಮುಂದುವರಿಸಿದರು. ಗಾಳಿಗೆ ಬಿದ್ದ ಅಕೇಶಿಯಾ ಮರವೊಂದರ ಕೊಂಬೆ ಸವರುತ್ತಿದ್ದಾಗ ಉದ್ದ ಬಾರಿನ ತುದಿ ಸೊಪ್ಪಿನ ಮರೆಯಲ್ಲಿದ್ದ ಇನ್ನೊಂದು ಕೊಂಬೆಗೆ ತಗುಲಿತು. ಯಂತ್ರ ಮೇಲಕ್ಕೆ ಎಗರಿತು. ಹಿಡಿತ ತಪ್ಪಿ ಕೆಳಗಿಳಿಯುವಾಗ ಎಡ ತೊಡೆಯನ್ನು ಸೀಳಿತು.

ಗಾಯವಾದದ್ದು ಕೊಂಡವನಿಗಲ್ಲ, ಕೂಲಿಗೆ ಬಂದಿದ್ದವನಿಗೆ. ಅವನೂ ನನ್ನ ವಿದ್ಯಾರ್ಥಿಯೇ. ಇಬ್ಬರೂ ಒಂದೇ ತರಗತಿಯವರು. ಅವನು ಅಡಿಕೆ ಸುಗ್ಗಿಯಲ್ಲಿ ಕೊನೆಗೌಡ. ಒಂದು ಮರದಿಂದ ಇನ್ನೊಂದಕ್ಕೆ ತೂಗಿ ಹಾಯುವ ಅವನ ಚಳಕವನ್ನು ತೋಟದ ಧಣಿಗಳು ನಿಂತು ನೋಡುತ್ತಿದ್ದರು. ಜೀವ ಉಳಿಯಿತು, ಕಾಲೂ ಉಳಿಯಿತು. ಆದರೆ ಆ ಕಾಲು ಇಂದು ಅಡಿಕೆಮರ ಹತ್ತುವುದಿಲ್ಲ.

ಈಗ ಸಿ.ಸಿ.ಯ ಮಾತಿಗೆ ಬರೋಣ. ಸಿ.ಸಿ. ಎಂಬುದು ಸಿಲಿಂಡರಿನ ಒಳಗಾತ್ರ. ಅದು ಶಕ್ತಿಯ ಅಳತೆಯಲ್ಲ. ದೊಡ್ಡ ಹಂಡೆಯಿದ್ದ ಮಾತ್ರಕ್ಕೆ ನೀರು ಬೇಗ ಕಾಯುವುದಿಲ್ಲ. ಕೇಳಬೇಕಾದುದು ಎಷ್ಟು ಕಿಲೋವ್ಯಾಟ್ ಮತ್ತು ಎಷ್ಟು ತೂಕ ಎಂಬ ಎರಡು ಪ್ರಶ್ನೆಗಳನ್ನು. ಹೆಸರಾಂತ ತಯಾರಕರ 45 ಸಿ.ಸಿ.ಯ ಯಂತ್ರವೊಂದು ಸುಮಾರು 2.3 ಕಿಲೋವ್ಯಾಟ್, ಎಂದರೆ ಮೂರು ಅಶ್ವಶಕ್ತಿ ಕೊಡುತ್ತದೆ. ಬಾರ್, ಚೈನ್, ಇಂಧನ ಬಿಟ್ಟು ಅದರ ತೂಕ ಐದು ಕೆ.ಜಿ.ಗೂ ಕಡಿಮೆ. 30 ಸಿ.ಸಿ. ಆಸುಪಾಸಿನದು ನಾಲ್ಕು ಕೆ.ಜಿ. ಇರುತ್ತದೆ. ಒಂದೆರಡು ಕೆ.ಜಿ. ವ್ಯತ್ಯಾಸವೇನು ಮಹಾ ಎನ್ನುವವರು ಒಂದು ದೊಡ್ಡ ಚೊಂಬು ತುಂಬ ನೀರನ್ನು ಕೈಚಾಚಿ ಅರ್ಧ ಗಂಟೆ ಹಿಡಿದು ನಿಲ್ಲಲಿ. ದಣಿದ ತೋಳು ತಪ್ಪುತ್ತದೆ. ಅಪಾಯಗಳು ಬೆಳಗಿನ ಮೊದಲ ದಿಮ್ಮಿಗಿಂತ ಮಧ್ಯಾಹ್ನದ ಕೊನೆಯ ದಿಮ್ಮಿಯಲ್ಲಿ ಕಾದಿರುತ್ತವೆ.

ಬಾರಿನ ಉದ್ದದ ಮೋಹ ಇದಕ್ಕಿಂತ ಕೆಟ್ಟದ್ದು. ನಮ್ಮ ಮನೆಗಳಲ್ಲಿ ಕೊಯ್ಯುವುದಾದರೂ ಏನನ್ನು? ಬಚ್ಚಲ ಒಲೆಗೆ, ಅಡಿಕೆ ಬೇಯಿಸುವ ಒಲೆಗೆ ಬೇಕಾದ ಸೌದೆ, ಗಾಳಿಮಳೆಗೆ ತೋಟದಲ್ಲಿ ಬಿದ್ದ ಮರ, ಸಿಲ್ವರ್ ಓಕ್, ಅಕೇಶಿಯಾ, ಒಣಗಿದ ಅಡಿಕೆಮರ. ಇವುಗಳಲ್ಲಿ ಬಹುಪಾಲು ಒಂದಡಿ ದಪ್ಪವನ್ನೂ ಮೀರುವುದಿಲ್ಲ. 14 ಅಥವಾ 16 ಇಂಚಿನ ಬಾರ್ ಇದಕ್ಕೆ ಧಾರಾಳವಾಯಿತು. ಎಂದಾದರೊಮ್ಮೆ ದಪ್ಪ ದಿಮ್ಮಿ ಬಂದರೆ ಎರಡೂ ಮಗ್ಗುಲಿಂದ ಕೊಯ್ದು ಮುಗಿಸಬಹುದು. ವರ್ಷಕ್ಕೊಮ್ಮೆ ಬರುವ ಹಲಸಿನ ದಿಮ್ಮಿಗಾಗಿ ವರ್ಷವಿಡೀ 22 ಇಂಚು ಹೊತ್ತು ತಿರುಗುವುದು ಜಾಣತನವಲ್ಲ. ಬಾರ್ ಉದ್ದವಾದಷ್ಟೂ ಅದರ ತುದಿ ಕೊಯ್ಯುವವನ ಕಣ್ಣಿನಿಂದ ದೂರವಾಗುತ್ತದೆ, ಕಾಣದ ಕೊಂಬೆಗೆ ಹತ್ತಿರವಾಗುತ್ತದೆ.

ನನ್ನ ಶಿಷ್ಯರಿಗೆ ಒಂಬತ್ತನೆಯ ತರಗತಿಯ ಪಾಠ ನೆನಪಿರಬಹುದು. ಕ್ರಿಯೆಗೆ ಪ್ರತಿಕ್ರಿಯೆ ಸಮನಾಗಿ, ವಿರುದ್ಧ ದಿಕ್ಕಿನಲ್ಲಿ ಇರುತ್ತದೆ. ಬಾರಿನ ತುದಿಯ ಮೇಲ್ಭಾಗದಲ್ಲಿ ಓಡುವ ಹಲ್ಲು ಮರಕ್ಕೆ ಕಚ್ಚಿ ನಿಂತರೆ ಚೈನಿನ ರಭಸವೆಲ್ಲ ಬಾರನ್ನು ಮೇಲಕ್ಕೆ, ಹಿಂದಕ್ಕೆ, ನಿಮ್ಮ ಮುಖದ ಕಡೆಗೆ ತಳ್ಳುತ್ತದೆ. ಇನ್ನು ವೇಗದ ಲೆಕ್ಕ. ಪೂರ್ಣ ವೇಗದಲ್ಲಿ ಚೈನು ಸೆಕೆಂಡಿಗೆ ಸುಮಾರು 20 ಮೀಟರ್ ಓಡುತ್ತದೆ. ಗಂಟೆಗೆ 72 ಕಿ.ಮೀ. ಆಯಿತು. ಮನುಷ್ಯ ಬೆಚ್ಚಿ ಕೈ ಹಿಂದೆಗೆಯಲು ಸೆಕೆಂಡಿನ ಐದನೆಯ ಒಂದು ಭಾಗ ಬೇಕೆಂದುಕೊಳ್ಳಿ. ಅಷ್ಟರಲ್ಲಿ ನಾಲ್ಕು ಮೀಟರ್ ಚೈನು ಹಾದುಹೋಗಿರುತ್ತದೆ. 16 ಇಂಚಿನ ಬಾರಿನ ಚೈನು ಹೆಚ್ಚುಕಡಿಮೆ ಒಂದು ಮೀಟರ್ ಉದ್ದ, ಅದರಲ್ಲಿ ಇಪ್ಪತ್ತೇಳೆಂಟು ಹಲ್ಲು. ನೂರಕ್ಕೂ ಹೆಚ್ಚು ಹಲ್ಲುಗಳು ಹಾದುಹೋದ ಮೇಲೆ ನಿಮ್ಮ ಜಾಗರೂಕತೆ ಎಚ್ಚರಗೊಳ್ಳುತ್ತದೆ. “ನಾನು ಜಾಗ್ರತೆಯಿಂದ ಕೊಯ್ಯುತ್ತೇನೆ” ಎಂಬ ಮಾತಿನ ಬೆಲೆ ಇಷ್ಟು.

ಅದಕ್ಕಾಗಿಯೇ ಚೈನ್ ಬ್ರೇಕ್ ಹುಟ್ಟಿತು. ಇಂದಿನ ಚೈನಿನ ಹಲ್ಲಿನ ರೂಪ ಬಂದದ್ದು ಅಮೆರಿಕದ ಜೋಸೆಫ್ ಕಾಕ್ಸ್ ಎಂಬ ಮರ ಕಡಿಯುವವನಿಂದ. 1946ರಲ್ಲಿ ಕೊರಡಿನೊಳಗೆ ಎಡಕ್ಕೂ ಬಲಕ್ಕೂ ಕೊರೆಯುತ್ತ ಸಾಗುವ ಹುಳುವಿನ ದವಡೆಯನ್ನು ಗಮನಿಸಿ ಅವನು ಹಾಗೆಯೇ ಕೊಯ್ಯುವ ಹಲ್ಲನ್ನು ರೂಪಿಸಿದ. ಆ ಹಲ್ಲನ್ನು ತಡೆಯುವ ಬ್ರೇಕ್ ಬರಲು ಮತ್ತೆ ಕಾಲು ಶತಮಾನ ಹಿಡಿಯಿತು. ಯಂತ್ರ ಎಗರಿದ ಕ್ಷಣವೇ ತಾನಾಗಿ ಚೈನನ್ನು ಬಿಗಿಹಿಡಿಯುವ ಬ್ರೇಕನ್ನು ಸ್ವೀಡನ್ನಿನ ಹಸ್ಕ್‌ವರ್ನಾ ಸಂಸ್ಥೆ ತಂದದ್ದು 1973ರಲ್ಲಿ. ಐವತ್ತು ವರ್ಷ ದಾಟಿದ ಈ ಸಾಧನವನ್ನು ನಾವು ಇಂದಿಗೂ ಮುರಿದರೆ ಕಿತ್ತೆಸೆಯುತ್ತೇವೆ. ಬೈಕಿನ ಬ್ರೇಕ್ ಮುರಿದರೆ ಹಾಗೆ ಮಾಡುತ್ತೇವೆಯೇ?

ಇಲ್ಲಿಯೇ ಅಗ್ಗದ ನಿಜವಾದ ಬೆಲೆ ಗೊತ್ತಾಗುವುದು. ಯಂತ್ರ ಕೊಳ್ಳುವಾಗ ಅಂಗಡಿಯವನನ್ನು ಕೇಳಬೇಕಾದ ಮೊದಲ ಪ್ರಶ್ನೆ, “ಇದರ ಬ್ರೇಕಿನ ಪಟ್ಟಿ, ಕ್ಲಚ್, ಗಾಳಿ ಸೋಸುವ ಫಿಲ್ಟರು ಈಗ ನಿಮ್ಮ ಬಳಿ ಇವೆಯೇ?” ಎಂಬುದು. ಇಲ್ಲವೆಂದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಮನೆಯಿಂದ ಒಂದು ಗಂಟೆಯ ದಾರಿಯೊಳಗೆ ರಿಪೇರಿ ಮಾಡಬಲ್ಲವನಿಲ್ಲದ ಯಂತ್ರ ಎಷ್ಟೇ ಅಗ್ಗವಾದರೂ ದುಬಾರಿಯೇ.

ಎರಡನೆಯ ಮಾತು ಅರದ್ದು. ನೂರು ಮನೆಗಳಲ್ಲಿ ಯಂತ್ರವಿದ್ದರೆ ಸರಿಯಾದ ಅರ ಇರುವುದು ಹತ್ತರಲ್ಲಿ ಎಂದು ನನಗನ್ನಿಸಿದೆ. ಚಿಕ್ಕ ಯಂತ್ರಗಳ ಸಣ್ಣ ಚೈನಿಗೆ 4 ಮಿ.ಮೀ. ಗುಂಡು ಅರ ಬೇಕು. ಮಧ್ಯಮ ಗಾತ್ರದ .325 ಪಿಚ್ ಚೈನಿಗೆ 4.8 ಮಿ.ಮೀ. ಹಲ್ಲಿನ ಮೇಲಿರುವ ಗೆರೆಯನ್ನು ನೋಡಿಕೊಂಡು, ಸಾಮಾನ್ಯವಾಗಿ 30 ಡಿಗ್ರಿ ಓರೆಯಲ್ಲಿ, ಎಲ್ಲ ಹಲ್ಲಿಗೂ ಸಮನಾಗಿ ಉಜ್ಜಬೇಕು. ಕೊಯ್ಯುವಾಗ ಬೀಳುವುದು ಚಕ್ಕೆಯಾದರೆ ಚೈನು ಹರಿತ, ಹಿಟ್ಟಾದರೆ ಮೊಂಡು. ಮೊಂಡಾದ ಚೈನಿಗೆ ಮನುಷ್ಯ ಮೈಭಾರ ಹಾಕಿ ಒತ್ತುತ್ತಾನೆ. ಒತ್ತಿದ್ದು ಒಮ್ಮೆಗೇ ತುಂಡಾದಾಗ ಯಂತ್ರದ ಜೊತೆ ತಾನೂ ಮುಗ್ಗರಿಸುತ್ತಾನೆ. ಹರಿತವಾದ 35 ಸಿ.ಸಿ. ಯಂತ್ರ ಮೊಂಡಾದ 58 ಸಿ.ಸಿ.ಯನ್ನು ನಾಚಿಸುತ್ತದೆ. ಕತ್ತಿ ಮಸೆಯದೆ ತೋಟಕ್ಕಿಳಿಯದ ನಮ್ಮ ಜನ ಚೈನನ್ನು ಮಾತ್ರ ಹಾಗೆಯೇ ಬಿಡುವುದು ನನಗೆ ಅರ್ಥವಾಗದ ಸಂಗತಿ.

ಎಣ್ಣೆಯ ವಿಷಯದಲ್ಲಿ ನಮ್ಮ ಜಿಪುಣತನ ತೋಟಕ್ಕೇ ಮುಳುವು. ಚೈನಿಗೆ ಬಿಡುವ ಎಣ್ಣೆ ಮರಳಿ ಬರುವುದಿಲ್ಲ. ಅಷ್ಟೂ ಮಣ್ಣಿಗೆ ಚಿಮ್ಮುತ್ತದೆ. ಅಲ್ಲಿಗೆ ಟ್ರ್ಯಾಕ್ಟರಿನಿಂದ ತೆಗೆದ ಸುಟ್ಟ ಎಣ್ಣೆ ಹಾಕುವವರು ಲೋಹದ ಪುಡಿಯನ್ನು ಬಾರಿಗೂ, ವಿಷವನ್ನು ತಮ್ಮ ಕುಡಿಯುವ ಬಾವಿಯ ನೆಲಕ್ಕೂ ಉಣಿಸುತ್ತಿದ್ದಾರೆ. ಎಂಜಿನ್ನಿಗೆ ಟೂ-ಸ್ಟ್ರೋಕ್ ಎಣ್ಣೆಯನ್ನು ತಯಾರಕರು ಹೇಳಿದಷ್ಟೇ ಬೆರೆಸಬೇಕು. 1:50 ಎಂದಿದ್ದರೆ ಲೀಟರಿಗೆ 20 ಮಿ.ಲೀ., 1:25 ಎಂದಿದ್ದರೆ 40. ಕಣ್ಣಳತೆ ಸಲ್ಲದು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆತಿರುತ್ತದೆ, ಅದು ನೀರನ್ನು ಹೀರುತ್ತದೆ. ಸೌದೆಯೆಲ್ಲ ಕೊಟ್ಟಿಗೆ ಸೇರಿ ಜೂನ್ ಮಳೆ ಹಿಡಿದ ಮೇಲೆ ನಾಲ್ಕು ತಿಂಗಳು ಯಂತ್ರ ಮೂಲೆ ಸೇರುವುದು ನಮ್ಮ ಕಡೆಯ ರೂಢಿ. ಅದಕ್ಕೆ ಮೊದಲು ಟ್ಯಾಂಕು ಬರಿದು ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿಡಿ. ದೀಪಾವಳಿಯ ಹೊತ್ತಿಗೆ ಹಗ್ಗ ಎಳೆದೆಳೆದು ಯಂತ್ರವನ್ನು ಶಪಿಸುವುದು ತಪ್ಪುತ್ತದೆ.

ಇನ್ನು ಆಕ್ಷೇಪಗಳು. “ನಮ್ಮ ಅಜ್ಜಂದಿರು ಬರಿಗಾಲಲ್ಲಿ ಮರ ಕಡಿದವರು, ಅವರೇನು ಕವಚ ತೊಟ್ಟಿದ್ದರೇ?” ಎನ್ನುವವರಿದ್ದಾರೆ. ಅಜ್ಜನ ಕೈಯಲ್ಲಿದ್ದುದು ಕೊಡಲಿ. ಕೈ ನಿಂತರೆ ಕೊಡಲಿ ನಿಲ್ಲುತ್ತಿತ್ತು. ಈ ಯಂತ್ರ ಹಾಗಲ್ಲ. ಗರಗಸಕ್ಕೆಂದೇ ಮಾಡಿದ ಕಾಲುಗವಚದೊಳಗೆ ಉದ್ದುದ್ದ ನೂಲಿನ ಪದರಗಳಿರುತ್ತವೆ. ಚೈನು ತಗುಲಿದೊಡನೆ ಆ ನೂಲು ಹೊರಬಂದು ಗಾಲಿಗೆ ಸುತ್ತಿಕೊಂಡು ಓಟವನ್ನೇ ಕಟ್ಟುತ್ತದೆ. “ಏಪ್ರಿಲ್ ಸೆಕೆಯಲ್ಲಿ ಅದನ್ನು ತೊಡಲಾಗದು” ಎಂಬ ಮಾತಿನಲ್ಲಿ ಸತ್ಯವಿದೆ, ಒಪ್ಪುತ್ತೇನೆ. ಹಾಗಾದರೆ ಮುಂಭಾಗ ಮಾತ್ರ ಮುಚ್ಚುವ ಕವಚ ಕೊಳ್ಳಿ, ಬೆಳಗಿನ ತಂಪಿನಲ್ಲಿ ಕೆಲಸ ಮುಗಿಸಿ. ಕಿವಿಯ ಮಾತನ್ನೂ ಹೇಳಬೇಕು. ಈ ಯಂತ್ರಗಳ ಸದ್ದು ನೂರು ಡೆಸಿಬಲ್ ದಾಟುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯ ಶಿಫಾರಸಿನಂತೆ ನೂರು ಡೆಸಿಬಲ್ಲಿಗೆ ಬರಿಗಿವಿ ಒಡ್ಡಬಹುದಾದುದು ದಿನಕ್ಕೆ ಹದಿನೈದು ನಿಮಿಷ ಮಾತ್ರ.

ಆದರೆ ಯಾರೂ ಬಾಯಿಬಿಟ್ಟು ಹೇಳದ, ಎಲ್ಲರ ಮನಸ್ಸಿನಲ್ಲಿರುವ ಆಕ್ಷೇಪ ಬೇರೆ. “ಕೊಯ್ಯುವವನು ಕೂಲಿಯವ, ನಾನಲ್ಲ.” ನನ್ನ ಸಿಟ್ಟೆಲ್ಲ ಇದರ ಮೇಲೆಯೇ. ಯಂತ್ರವನ್ನು ಆರಿಸುವವರು ನಾವು, ದುಡ್ಡು ಉಳಿಸುವವರು ನಾವು. ಲುಂಗಿ ಎತ್ತಿಕಟ್ಟಿ, ಹವಾಯಿ ಚಪ್ಪಲಿ ಮೆಟ್ಟಿ ಅದರ ಮುಂದೆ ನಿಲ್ಲುವವನು ಬೇರೆಯವನು. ತನ್ನ ಕಾಲನ್ನೇ ಪಣಕ್ಕಿಡಬೇಕಿದ್ದರೆ ಯಾವ ಧಣಿಯೂ ಮುರಿದ ಬ್ರೇಕಿನ ಯಂತ್ರವನ್ನು ಚಾಲೂ ಮಾಡಲಾರ. ಯಂತ್ರ ನಿಮ್ಮದಾದರೆ ಕವಚ, ಬೂಟು, ಕಿವಿಮುಚ್ಚಳ, ಕನ್ನಡಕವೂ ನಿಮ್ಮವೇ. ಅವುಗಳ ಬೆಲೆ ಯಂತ್ರದ ಬೆಲೆಯೊಳಗೆ ಸೇರಿದ್ದು. ಅಷ್ಟನ್ನು ಕೂಡಿಸಿದಾಗ ಕೈಗೆಟುಕದಿದ್ದರೆ ಯಂತ್ರ ಬೇಡ. ಕೆಲಸ ಬಲ್ಲವನನ್ನು ಅವನ ಯಂತ್ರ, ಅವನ ಕವಚದೊಡನೆ ಬಾಡಿಗೆಗೆ ಕರೆಯಿರಿ.

ಇನ್ನೊಂದು ದಿಕ್ಕಿನಿಂದ ಬರುವ ಮಾತೂ ಇದೆ. ಪರಿಸರಾಸಕ್ತ ಮಿತ್ರರೊಬ್ಬರು ಈ ಯಂತ್ರವೇ ಕಾಡಿನ ಶತ್ರು, ಅದರ ಆಯ್ಕೆಯ ಬಗ್ಗೆ ಬರೆಯುವುದೂ ಪಾಪ ಎನ್ನುತ್ತಾರೆ. ನಿಂತ ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಿದೆ. ವಿನಾಯಿತಿ ಪಡೆದ ಕೆಲವು ಜಾತಿಗಳನ್ನು ಬಿಟ್ಟರೆ ಅನುಮತಿ ಬೇಕೇ ಬೇಕು, ಅದು ಸರಿಯಾದುದೇ. ಆದರೆ ಬಿದ್ದ ಮರ ಸೌದೆಯಾಗಬೇಕಲ್ಲ? ಯಂತ್ರ ಇರುವುದು ದಿಟ. ಅದನ್ನು ಶಪಿಸಿ ಕೈತೊಳೆದುಕೊಂಡರೆ ಕೊಯ್ಯುವವನ ತೊಡೆಗೆ ಕವಚ ಬರುವುದಿಲ್ಲ.

ಆದ್ದರಿಂದ, ಕೇಳುವವರಿಗೆಲ್ಲ ಈಗ ನಾನು ಹೇಳುವುದು ಇಷ್ಟು. ಮನೆಯ ಸೌದೆಗೂ ತೋಟಕ್ಕೂ 35ರಿಂದ 45 ಸಿ.ಸಿ., 14ರಿಂದ 16 ಇಂಚು ಸಾಕು. ತಾನಾಗಿ ಹಿಡಿಯುವ ಚೈನ್ ಬ್ರೇಕು, ನಡುಕ ತಡೆಯುವ ಹಿಡಿ ಇರಲಿ. ವರ್ಷಗಟ್ಟಲೆ ನಡುಗುವ ಹಿಡಿ ಬೆರಳುಗಳ ರಕ್ತನಾಳಗಳನ್ನು ಕೆಡಿಸುತ್ತದೆ. ಬಿಡಿಭಾಗ ಹತ್ತಿರದಲ್ಲಿ ಸಿಗಲಿ. ಅಂಗಳದಲ್ಲೇ ಸೌದೆ ತುಂಡರಿಸುವುದಾದರೆ ವಿದ್ಯುತ್ತಿನದೂ, ಕೊಂಬೆ ಸವರಲು ಬ್ಯಾಟರಿಯದೂ ಆದೀತು. ಸದ್ದು ಕಡಿಮೆ ಎಂದು ಮಾತ್ರ ಸಲುಗೆ ಬೇಡ, ಹಲ್ಲು ಅದೇ. ಪ್ರತಿದಿನ ಮೊದಲ ದಿಮ್ಮಿಗೆ ಮುನ್ನ ಬ್ರೇಕ್ ಪರೀಕ್ಷಿಸಿ. ಅದು ಹಿಡಿಯದ ದಿನ ಕೆಲಸವಿಲ್ಲ.

ಯಂತ್ರ ಕೊಂಡ ಆ ಶಿಷ್ಯ ಈ ಬರಹವನ್ನು ಓದುತ್ತಾನೆ. ಅವನೊಬ್ಬನನ್ನೇ ದೂರುತ್ತಿಲ್ಲ, ದೊಡ್ಡದನ್ನು ಕೊಳ್ಳೆಂದವನು ನಾನು. ಗಾಯಗೊಂಡವನು ಇದನ್ನು ಓದಲಾರ, ಅವನ ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಕಳೆದ ಸಲ ಅವನನ್ನು ನೋಡಲು ಹೋದಾಗ ಸೌದೆ ರಾಶಿಯ ಪಕ್ಕ ಕುಳಿತು ಅಡಿಕೆ ಸುಲಿಯುತ್ತಿದ್ದ. ನಾನು ಅಂದಿನ ನನ್ನ ಸಲಹೆಯ ವಿಷಯವನ್ನು ಹೇಳಿ ತಪ್ಪಾಯಿತು ಎಂದೆ. “ಬಿಡಿ ಸಾರ್, ನಿಮಗೇನು ಗೊತ್ತಿತ್ತು” ಎಂದು ನಕ್ಕುಬಿಟ್ಟ. ಗೊತ್ತಿರಲಿಲ್ಲ, ನಿಜ. ಗೊತ್ತಿಲ್ಲವೆಂದು ಅಂದು ಹೇಳಬಹುದಿತ್ತು. ಇಂದು ಗೊತ್ತಿದೆ, ಇದನ್ನು ಓದಿದ ನಿಮಗೂ ಗೊತ್ತಾಗಿದೆ.