ದುಡಿದ ಹಣ ಬೇರೆ, ಏರಿಕೆ ಬೇರೆ



2025ರ ಆಗಸ್ಟ್ 5, ಮಂಗಳವಾರ, ಕರ್ನಾಟಕದ ಸಾರಿಗೆ ನೌಕರರು ಮುಷ್ಕರ ಹೂಡಿದರು. ಪಕ್ಕದ ರಾಜ್ಯದ ಮುಷ್ಕರ, ಆದೋನಿಯವರಿಗೇನು ಎಂದು ನಾವು ಸುಮ್ಮನಿರುವಂತಿರಲಿಲ್ಲ. ನಮ್ಮಲ್ಲಿ ಬಳ್ಳಾರಿಯ ಕಾಲೇಜಿಗೆ ಹೋಗುವವರಿದ್ದಾರೆ. ಅಲ್ಲಿನ ಆಸ್ಪತ್ರೆಗೆ ತಿಂಗಳಿಗೊಮ್ಮೆ ಹೋಗಿ ಬರುವ ಅಜ್ಜ ಅಜ್ಜಿಯರಿದ್ದಾರೆ. ಸಿರುಗುಪ್ಪ, ರಾಯಚೂರು ಕಡೆ ಮದುವೆಯಾಗಿ ಹೋದ ಅಕ್ಕಂದಿರಿದ್ದಾರೆ. 1953ರ ಅಕ್ಟೋಬರ್ 1ರವರೆಗೆ ಆದೋನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಗಡಿ ಬದಲಾದರೂ ನಮ್ಮ ಓಡಾಟ ಬದಲಾಗಿಲ್ಲ.

ಆ ದಿನ ಆಂಧ್ರದ ಬಸ್ಸುಗಳು ಓಡಿದವು, ಆದರೆ ಕಾಲಿಡಲು ಜಾಗವಿರಲಿಲ್ಲ. ಕೆಲವರು ರೈಲು ಹಿಡಿದು ಗುಂತಕಲ್ಲಿಗೆ ಹೋಗಿ, ಅಲ್ಲಿ ಬದಲಾಯಿಸಿಕೊಂಡು ಬಳ್ಳಾರಿ ಸೇರಿದರು. ಕೆಲವರು ಜೀಪಿನವರು ಕೇಳಿದಷ್ಟು ಕೊಟ್ಟರು. ಕೆಲವರು ಮನೆಯಲ್ಲೇ ಉಳಿದು ಒಂದು ದಿನದ ಕೂಲಿ ಕಳೆದುಕೊಂಡರು. ಸಂಜೆಯ ಹೊತ್ತಿಗೆ ಹೈಕೋರ್ಟಿನ ಮಾತಿಗೆ ಮುಷ್ಕರ ನಿಂತಿತು. ಆದರೆ ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ನಮ್ಮ ಯುವಜನರ ಕೂಟದಲ್ಲಿ ಶುರುವಾದ ಚರ್ಚೆ ಇನ್ನೂ ನಿಂತಿಲ್ಲ. ಅದನ್ನೇ ಇಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇವೆ.

ಮೊದಲು ವಿಷಯ ಏನೆಂದು ನೋಡೋಣ. ಕರ್ನಾಟಕದಲ್ಲಿ ನಾಲ್ಕು ಸಾರಿಗೆ ನಿಗಮಗಳಿವೆ: ಕೆಎಸ್‌ಆರ್‌ಟಿಸಿ, ಬೆಂಗಳೂರಿನ ಬಿಎಂಟಿಸಿ, ವಾಯವ್ಯ ಕರ್ನಾಟಕ ಸಾರಿಗೆ, ಮತ್ತು ನಾವು ಬಳ್ಳಾರಿ, ರಾಯಚೂರಿನಲ್ಲಿ ಹತ್ತುವ ಕಲ್ಯಾಣ ಕರ್ನಾಟಕ ಸಾರಿಗೆ. ಎಲ್ಲ ಸೇರಿ ಒಂದು ಲಕ್ಷಕ್ಕೂ ಹೆಚ್ಚು ನೌಕರರು. ಇವರ ವೇತನವನ್ನು ನಾಲ್ಕು ವರ್ಷಕ್ಕೊಮ್ಮೆ ಪರಿಷ್ಕರಿಸುವುದು ರೂಢಿ. 2020ರ ಜನವರಿ 1ಕ್ಕೆ ಆಗಬೇಕಾಗಿದ್ದ ಪರಿಷ್ಕರಣೆ ಆಗಲಿಲ್ಲ. ಕೊರೊನಾ ಬಂತು, ಬಸ್ಸುಗಳು ನಿಂತವು, ನಷ್ಟವಾಯಿತು. ಕೊನೆಗೆ ಮೂಲ ವೇತನಕ್ಕೆ ಶೇ. 15 ಏರಿಕೆ ಸಿಕ್ಕಿದ್ದು 2023ರ ಮಾರ್ಚ್ 1ರಿಂದ. ನಡುವಿನ 38 ತಿಂಗಳು ಎಲ್ಲಿ ಹೋಯಿತು? ನೌಕರರ ಮೊದಲ ಪ್ರಶ್ನೆ ಇದೇ. ಅದರ ಮೊತ್ತ ಸುಮಾರು 1,800 ಕೋಟಿ ರೂಪಾಯಿ. 14 ತಿಂಗಳದ್ದು, ಅಂದರೆ ಸುಮಾರು 718 ಕೋಟಿ ಕೊಡುತ್ತೇವೆ ಎಂದಿತು ಸರ್ಕಾರ. ಅವರ ಎರಡನೆಯ ಬೇಡಿಕೆ, 2024ರ ಜನವರಿ 1ರಿಂದ ಆಗಬೇಕಿದ್ದ ಮುಂದಿನ ಪರಿಷ್ಕರಣೆ.

ಕೋಟಿಗಳ ಲೆಕ್ಕ ನಮಗೆ ಅಂದಾಜು ಸಿಗುವುದಿಲ್ಲ. ಒಂದು ಮನೆಗೆ ಇಳಿಸಿ ನೋಡೋಣ. ಒಬ್ಬ ಕಂಡಕ್ಟರ್ ಅಣ್ಣನ ಮೂಲ ವೇತನ 20,000 ಎಂದುಕೊಳ್ಳಿ. ಶೇ. 15 ಎಂದರೆ ತಿಂಗಳಿಗೆ 3,000. ಅಂಥ 38 ತಿಂಗಳಿಗೆ 1,14,000 ರೂಪಾಯಿ. 14 ತಿಂಗಳಿಗಾದರೆ 42,000. ವ್ಯತ್ಯಾಸ 72,000. ಒಬ್ಬ ಮಗಳ ಕಾಲೇಜಿನ ಫೀಸು, ಅಥವಾ ಬಡ್ಡಿಗೆ ತಂದ ಒಂದು ಸಾಲ ತೀರುವ ಮೊತ್ತ ಅದು.

ನಮ್ಮ ಕೂಟದಲ್ಲಿ ಬಂದ ಮಾತುಗಳು ಮೂರು. ಒಬ್ಬ ತಮ್ಮ ಹೇಳಿದ: "ಅವರಿಗೆ ಸಂಬಳ ಇದೆ, ಪಿಎಫ್ ಇದೆ. ನಮ್ಮಪ್ಪ ಹತ್ತಿ ಮಾರ್ಕೆಟ್‌ನಲ್ಲಿ ಮೂಟೆ ಹೊರುತ್ತಾರೆ, ಅವರಿಗೇನಿದೆ? ನಮಗಿಂತ ಹೆಚ್ಚು ಗಳಿಸುವವರಿಗಾಗಿ ನಾವು ಯಾಕೆ ಕಷ್ಟಪಡಬೇಕು?" ಇನ್ನೊಬ್ಬಳು ತಂಗಿ ಹೇಳಿದಳು: "ಕೇಳಲಿ, ಬೇಡ ಅನ್ನೋದಿಲ್ಲ. ಬಸ್ ನಿಲ್ಲಿಸಿದರೆ ತೊಂದರೆ ಮಂತ್ರಿಗಳಿಗಲ್ಲ, ನಮಗೆ." ಮೂರನೆಯವರು ಹೇಳಿದರು: "ನಿಗಮವೇ ನಷ್ಟದಲ್ಲಿದೆ, ಎಲ್ಲಿಂದ ಕೊಡುತ್ತಾರೆ?"

ಮೂರೂ ಸುಮ್ಮನೆ ಆಡಿದ ಮಾತುಗಳಲ್ಲ. ಆದರೆ ಮೂರರಲ್ಲೂ ಒಂದು ಗೊಂದಲ ಇದೆ ಎಂದು ನಮಗನಿಸುತ್ತದೆ. ನಾವು ಬಾಕಿಯನ್ನೂ ಏರಿಕೆಯನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ತೂಗುತ್ತಿದ್ದೇವೆ.

ಮುಂದಿನ ಏರಿಕೆ ಎಷ್ಟಿರಬೇಕು ಎನ್ನುವುದು ಮಾತುಕತೆಯ ವಿಷಯ. ನಿಗಮದ ಆದಾಯ, ಡೀಸೆಲ್ ಬೆಲೆ, ಉಳಿದ ಕಾರ್ಮಿಕರ ಸ್ಥಿತಿ ಎಲ್ಲವನ್ನೂ ನೋಡಿ ತೀರ್ಮಾನಿಸಬೇಕು. ಅಲ್ಲಿ ನೌಕರರು ಸ್ವಲ್ಪ ಇಳಿಯಬೇಕಾಗಬಹುದು. 2016ರ ಜುಲೈನಲ್ಲಿ ಮೂರು ದಿನದ ಮುಷ್ಕರದ ನಂತರ ಶೇ. 12.5ಕ್ಕೆ ಒಪ್ಪಿಕೊಂಡರು, ಕೇಳಿದ್ದು ಅದಕ್ಕಿಂತ ಬಹಳ ಹೆಚ್ಚು. ಆದರೆ ಬಾಕಿ ಹಾಗಲ್ಲ. ಅದು ಕೆಲಸ ಮುಗಿದುಹೋದ ದಿನಗಳ ಹಣ. ಆದೇಶ 2023ರ ಮಾರ್ಚ್‌ನಿಂದ ಎಂದು ಕಾಗದದಲ್ಲಿ ಬರೆದಿರಬಹುದು. ತಡ ಮಾಡಿದವರು ನೌಕರರಲ್ಲವಲ್ಲ. 14 ತಿಂಗಳದ್ದು ಕೊಡುತ್ತೇವೆ ಎಂದು ಒಪ್ಪಿದ ಮೇಲೆ, ಉಳಿದ 24 ತಿಂಗಳು ಅವರು ದುಡಿಯಲಿಲ್ಲವೇ ಎಂದು ಕೇಳಿದರೆ ಉತ್ತರವೇನು?

ಇದು ನಮ್ಮ ಊರುಗಳಿಗೆ ಚೆನ್ನಾಗಿ ಅರ್ಥವಾಗುವ ಮಾತು. ಕೋಸಿಗಿ, ಮಂತ್ರಾಲಯ, ಎಮ್ಮಿಗನೂರು ಕಡೆಯಿಂದ ಪ್ರತಿ ವರ್ಷ ಎಷ್ಟೋ ಕುಟುಂಬಗಳು ಮೆಣಸಿನಕಾಯಿ, ಹತ್ತಿ ಬಿಡಿಸಲು ಗುಂಟೂರಿಗೆ, ಕರ್ನಾಟಕಕ್ಕೆ ಹೋಗುತ್ತವೆ. ಮುಂದಿನ ವರ್ಷ ಕೂಲಿ ಎಷ್ಟು ಎಂದು ಮೇಸ್ತ್ರಿಯ ಜೊತೆ ಚೌಕಾಸಿ ಮಾಡುವುದು ಬೇರೆ. ಬಿಡಿಸಿಕೊಟ್ಟ ಕಾಯಿಯ ಕೂಲಿಯಲ್ಲಿ "ಅರ್ಧ ತಗೋ, ಸಾಕು" ಎನ್ನಿಸಿಕೊಳ್ಳುವುದು ಬೇರೆ. ಎರಡನೆಯದಕ್ಕೆ ನಮ್ಮ ಅಮ್ಮಂದಿರು ಏನೆನ್ನುತ್ತಾರೆ ಎಂದು ನಮಗೆ ಗೊತ್ತು. ಧರ್ಮೋಪದೇಶಕಾಂಡದ 24ನೇ ಅಧ್ಯಾಯವೂ ಬಡ ಕೂಲಿಯಾಳಿನ ಹಣವನ್ನು ಆ ದಿನ ಸೂರ್ಯ ಮುಳುಗುವ ಮೊದಲೇ ಕೊಡಬೇಕೆಂದು ಕಟ್ಟಪ್ಪಣೆ ಮಾಡುತ್ತದೆ. ಕಾರಣವನ್ನೂ ಅಲ್ಲೇ ಹೇಳಿದೆ: ಅವನು ಅದನ್ನೇ ನೆಚ್ಚಿಕೊಂಡಿರುತ್ತಾನೆ.

ಹಾಗಾಗಿ ಮೊದಲನೆಯ ತಮ್ಮನಿಗೆ ನಮ್ಮ ಉತ್ತರ ಇದು. ನಿನ್ನ ಅಪ್ಪನಿಗೆ ಕಡಿಮೆ ಸಿಗುತ್ತಿರುವುದು ಕಂಡಕ್ಟರ್‌ಗೆ ಹೆಚ್ಚು ಸಿಗುತ್ತಿರುವುದರಿಂದ ಅಲ್ಲ. ಸಂಘ ಇರುವವರ ಬಾಕಿಯನ್ನೇ ಸರ್ಕಾರ ವರ್ಷಗಟ್ಟಲೆ ಎಳೆಯಬಹುದಾದರೆ, ಸಂಘವಿಲ್ಲದ ಹಮಾಲರ ಕೂಲಿಯನ್ನು ಎಳೆಯುವವರಿಗೆ ಯಾವ ಭಯ? ಅವರು ಗೆದ್ದರೆ ನಮ್ಮ ಕೂಲಿ ತಾನಾಗಿ ಏರುವುದಿಲ್ಲ ನಿಜ. ಅವರು ಸೋತರೆ ಮಾತ್ರ ನಮ್ಮ ಮಾತಿಗೆ ಇನ್ನಷ್ಟು ಬೆಲೆ ಕಡಿಮೆ.

ತಂಗಿಯ ಮಾತಿಗೆ ಉತ್ತರ ಅಷ್ಟು ಸುಲಭವಲ್ಲ. ಮುಷ್ಕರದ ಮೊದಲ ಪೆಟ್ಟು ಬೀಳುವುದು ಬೈಕಿಲ್ಲದವರ ಮೇಲೆ. 2021ರ ಏಪ್ರಿಲ್ 7ರಿಂದ ಕರ್ನಾಟಕದಲ್ಲಿ ಎರಡು ವಾರ ಬಸ್ಸಿರಲಿಲ್ಲ. ಆಗ ಕೇಳಿದ್ದು ಸರ್ಕಾರಿ ನೌಕರರ ಸಮನಾದ ವೇತನ. ಅದು ಸಿಗಲಿಲ್ಲ, ಬದಲಿಗೆ ಎಷ್ಟೋ ಜನರಿಗೆ ವಜಾ, ವರ್ಗಾವಣೆಯ ಕಾಗದ ಬಂತು. 2019ರಲ್ಲಿ ತೆಲಂಗಾಣದ ನೌಕರರು 52 ದಿನ ಮುಷ್ಕರ ಮಾಡಿದರು, ಹಲವರು ಪ್ರಾಣವನ್ನೇ ಕಳೆದುಕೊಂಡರು. ದೀರ್ಘ ಮುಷ್ಕರದಲ್ಲಿ ನೌಕರನ ಮನೆಯೂ ಪ್ರಯಾಣಿಕನ ಮನೆಯೂ ಒಟ್ಟಿಗೇ ಒಣಗುತ್ತವೆ. ಆದ್ದರಿಂದ ಸಂಘಗಳು ಮುಷ್ಕರವನ್ನು ಕೊನೆಯ ಅಸ್ತ್ರವಾಗಿಯೇ ಇಟ್ಟುಕೊಳ್ಳಬೇಕು, ದಿನಾಂಕವನ್ನು ಜನರಿಗೆ ಮುಂಚಿತವಾಗಿ ಹೇಳಬೇಕು, ನ್ಯಾಯಾಲಯದ ಮಾತಿಗೆ ಬೆಲೆ ಕೊಡಬೇಕು. 1891ರಲ್ಲಿ ಪೋಪ್ 13ನೇ ಲಿಯೋ ಕಾರ್ಮಿಕರ ಕುರಿತು ಹೊರಡಿಸಿದ ಪತ್ರ ಕಾರ್ಮಿಕರಿಗೆ ಸಂಘ ಕಟ್ಟುವ ಹಕ್ಕಿದೆ ಎಂದಿತು. ಮುಷ್ಕರದಿಂದ ಜನರಿಗೆ ಹಾನಿ ಎಂಬುದನ್ನೂ ಒಪ್ಪಿಕೊಂಡಿತು. ಅದಕ್ಕೆ ಹೇಳಿದ ಪರಿಹಾರವೆಂದರೆ ಮುಷ್ಕರಕ್ಕೆ ಕಾರಣವಾಗುವ ಅನ್ಯಾಯವನ್ನು ಆಳುವವರು ಮೊದಲೇ ಸರಿಪಡಿಸುವುದು. 38 ತಿಂಗಳು ಸುಮ್ಮನಿದ್ದು, ಮುಷ್ಕರದ ಹಿಂದಿನ ದಿನ ಸಭೆ ಕರೆಯುವುದು ಅಂಥ ಪರಿಹಾರವಲ್ಲ.

ನಷ್ಟದ ಮಾತಿಗೆ ಬರೋಣ. 2023ರ ಜೂನ್ 11ರಿಂದ ಕರ್ನಾಟಕದಲ್ಲಿ ಶಕ್ತಿ ಯೋಜನೆ ಇದೆ. 2025ರ ಆಗಸ್ಟ್ 15ರಿಂದ ನಮ್ಮ ಆಂಧ್ರದಲ್ಲೂ ಸ್ತ್ರೀ ಶಕ್ತಿ ಹೆಸರಿನಲ್ಲಿ ಮಹಿಳೆಯರಿಗೆ ಪಲ್ಲೆವೆಲುಗು, ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಉಚಿತ ಪ್ರಯಾಣ. ನಮ್ಮ ಅಕ್ಕ ತಂಗಿಯರು ಸಂತೋಷಪಟ್ಟಿದ್ದಾರೆ, ನಾವೂ ಪಟ್ಟಿದ್ದೇವೆ. ಆದರೆ ಶೂನ್ಯ ಟಿಕೆಟ್‌ಗೂ ಒಂದು ಬೆಲೆ ಇದೆ. ಸರ್ಕಾರ ಆ ಹಣವನ್ನು ಸಮಯಕ್ಕೆ ಸರಿಯಾಗಿ ನಿಗಮಕ್ಕೆ ಕಟ್ಟದಿದ್ದರೆ, ಅದನ್ನು ಕೊನೆಗೆ ತುಂಬಿಕೊಡುವವರು ಡ್ರೈವರ್, ಕಂಡಕ್ಟರ್‌ಗಳೇ. ಉಚಿತವೆಂದು ಘೋಷಿಸಿದ ಕೈ, ಸಂಬಳ ಕೊಡುವಾಗ ನಷ್ಟ ಎನ್ನಬಾರದು.

ಬಳ್ಳಾರಿ ಬಸ್ ಸ್ಟ್ಯಾಂಡಿನಲ್ಲಿ ಆಂಧ್ರದ ಬಸ್ಸೂ ಕರ್ನಾಟಕದ ಬಸ್ಸೂ ಅಕ್ಕಪಕ್ಕ ನಿಲ್ಲುತ್ತವೆ. ನಮ್ಮ ಎಪಿಎಸ್‌ಆರ್‌ಟಿಸಿಯವರು 2015ರ ಮೇ ತಿಂಗಳಲ್ಲಿ ಎಂಟು ದಿನ ಮುಷ್ಕರ ಮಾಡಿ ಶೇ. 43 ಫಿಟ್‌ಮೆಂಟ್ ಪಡೆದರು. 2020ರ ಜನವರಿ 1ರಿಂದ ಅವರು ಸರ್ಕಾರಿ ನೌಕರರೇ ಆದರು. ಒಂದೇ ರಸ್ತೆ, ಅದೇ ಹಗರಿ ಸೇತುವೆ, ಅದೇ ಗುಂಡಿಗಳು, ಎರಡು ಬಗೆಯ ಸಂಬಳ. ಕರ್ನಾಟಕದವರೂ ಸರ್ಕಾರಿ ನೌಕರರಾಗಬೇಕೇ ಎಂಬುದಕ್ಕೆ ನಮ್ಮ ಕೂಟದಲ್ಲಿ ಒಮ್ಮತವಿಲ್ಲ. ಬಾಕಿ ಕೊಡಬೇಕು ಎಂಬುದಕ್ಕೆ ಮಾತ್ರ ಕೊನೆಗೆ ಹೆಚ್ಚಿನವರು ಕೈ ಎತ್ತಿದರು. ಆ ತಮ್ಮನೂ ಎತ್ತಿದ, ಸ್ವಲ್ಪ ತಡವಾಗಿ.

ಈಗ ನಮ್ಮ ಸರದಿ. ಮುಂದಿನ ಸಲ ಬಸ್ ನಿಂತಾಗ ಕಂಡಕ್ಟರ್ ಅಣ್ಣನನ್ನು ಬೈಯುವ ಮೊದಲು, ಕೇಳುತ್ತಿರುವುದು ಬಾಕಿಯೋ ಏರಿಕೆಯೋ ಎಂದು ವಿಚಾರಿಸೋಣ. ಮನೆಯಿಂದಲೂ ಶುರು ಮಾಡೋಣ. ನಮ್ಮ ಗುಡಿಯ ಹಬ್ಬಕ್ಕೆ ಶಾಮಿಯಾನ ಹಾಕುವ ಹುಡುಗರು, ಬ್ಯಾಂಡಿನವರು, ಅಡುಗೆ ಪಾತ್ರೆ ತೊಳೆಯುವ ಅಮ್ಮಂದಿರು ಹಣಕ್ಕಾಗಿ ಎರಡನೆಯ ಸಲ ಬರುವಂತಾಗಬಾರದು. ಈ ವರ್ಷದ ಹಬ್ಬದಲ್ಲಿ ಅವರೆಲ್ಲರ ಲೆಕ್ಕವನ್ನು ಅದೇ ಸಂಜೆ ಚುಕ್ತಾ ಮಾಡುವ ಜವಾಬ್ದಾರಿಯನ್ನು ಯುವಜನರ ಕೂಟ ವಹಿಸಿಕೊಳ್ಳಲಿ ಎಂದು ಮುಂದಿನ ಭಾನುವಾರದ ಸಭೆಯಲ್ಲಿ ಕೇಳಲಿದ್ದೇವೆ. ನೀವೂ ಬನ್ನಿ, ನಿಮ್ಮ ಅಭಿಪ್ರಾಯ ಹೇಳಿ.